ಹಳದಿ ಚೀಟಿಯ ಮೀನುಗಳು

"ಏಯ್! ಕ್ಯಾ ಡಾಲ್ ರಹಾ ಹೈ ಪಾನೀ ಮೇ?"

ಆತ ತಿರುಗುವಷ್ಟರಲ್ಲಿ ಅವನ ಕೈಯಲ್ಲಿದ್ದ ಅಗಲ ಬಾಯಿಯ ನೀಲಿ ಕ್ಯಾನಿಗೆ ಗಾಳದ ಕೋಲಿನ ಏಟು ಬಿದ್ದಾಗಿತ್ತು. ಕ್ಯಾನು ಕಲ್ಲಿನ ಮೇಲೆ ಉರುಳಿ ಒಳಗಿದ್ದದ್ದೆಲ್ಲ ಚೆಲ್ಲಿತು.

ಬರೀ ನೀರು!

"ಹಾಕಾಕ ಹತ್ತಿಲ್ರೀ... ತುಂಬಿಕೊಳ್ಳಾಕ ಹತ್ತಿದ್ದೆ," ಎಂದ ಆತ. ಗಾಬರಿಯಲ್ಲಿ ಹಿಂದಿ ಮರೆತುಹೋಗಿ ಕನ್ನಡ ಹೊರಬಿದ್ದಿತ್ತು.

ಶೈಲಾ ಕೋಲು ಎತ್ತಿದ ಕೈಯಲ್ಲೇ ನಿಂತುಬಿಟ್ಟಳು. ಬದ್ಲಾಪುರದಾಚೆ, ಉಲ್ಹಾಸ್ ನದಿಯ ಮಡುವಿನಲ್ಲಿ, ಬೆಳಗಿನ ಏಳು ಗಂಟೆಗೆ ವಿಜಯಪುರದ ಕನ್ನಡ!

"ನೀರು ಯಾಕೆ ತುಂಬ್ಕೋತಿದ್ರಿ?"

"ಜೋಗೇಶ್ವರಿ ಒಳಗ ಕಬ್ಬಿಣಕ್ಕ ಕೆಮಿಕಲ್ ಹಾಕಿ ಹೊಳಪ ಕೊಡೋ ಪ್ಲೇಟಿಂಗ್ ಯುನಿಟ್‌ನ್ಯಾಗ ಅದೀನ್ರಿ. ಹೊಲಸ ನೀರ ಶುದ್ಧ ಮಾಡಿ ಬಿಡೋದು ನನ್ನ ಕೆಲಸ. ಆರು ವರ್ಷ ಆತು. ಖರೇ ಶುದ್ಧ ನೀರಂದ್ರ ಹೆಂಗಿರ್ತೈತಿ ಅಂತ ಒಮ್ಮಿ ನೋಡೋಣು ಅಂತ ಬಂದೆ..."

ಇಂಥ ಮಾತಿಗೆ ಯಾವ ಹುಡುಗಿ ಸಿಟ್ಟು ಉಳಿಸಿಕೊಂಡಾಳು ಹೇಳಿ? ಶೈಲಾಳ ಸಿಟ್ಟಾದರೋ ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೂ ಅವತ್ತು ಅದು ಇಳಿದುಹೋಯಿತು. ಆಕೆಯೇ ಬಗ್ಗಿ ಕ್ಯಾನು ಎತ್ತಿ ನೀರು ತುಂಬಿಕೊಟ್ಟಳು.

ಆತನ ಹೆಸರು ಶಿವಪುತ್ರ.

ಶೈಲಾ ಮುಲುಂಡಿನವಳು. ಅಪ್ಪ ಬೆಳಗಾವಿ ಕಡೆಯವ, ಬಟ್ಟೆ ವ್ಯಾಪಾರಿ, ಆಕೆಯದು ವಿಲೆ ಪಾರ್ಲೆಯ ಒಂದು ಕಾಲೇಜಿನ ಆಫೀಸಿನಲ್ಲಿ ನೌಕರಿ. ಭಾನುವಾರ ಬಂತೆಂದರೆ ಮೊದಲ ಲೋಕಲ್ ಹಿಡಿದು ನದಿಗೆ ಓಡುತ್ತಿದ್ದಳು. ಆಕೆಯಂಥವರು ಹನ್ನೆರಡು ಮಂದಿ. ಬೆಳಗ್ಗೆ ದಡದ ಪ್ಲಾಸ್ಟಿಕ್ ಹೆಕ್ಕುವುದು, ಮಧ್ಯಾಹ್ನ ಗಾಳ ಹಾಕುವುದು. ಸಿಕ್ಕ ಮಹಶೀರ್ ಮೀನಿನ ಬೆನ್ನ ರೆಕ್ಕೆಗೆ ನಂಬರಿನ ಹಳದಿ ಪ್ಲಾಸ್ಟಿಕ್ ಚೀಟಿ ಚುಚ್ಚಿ ಮತ್ತೆ ನೀರಿಗೆ ಬಿಡುವುದು. ಜೂನ್‌ನಲ್ಲಿ ಹೊಸ ನೀರು ಬಂದಾಗ ಆ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರಿ ಮೊಟ್ಟೆ ಇಡುತ್ತವೆ. ಎಷ್ಟು ಏರಿದವು ಎಂದು ಚೀಟಿಯಿಂದ ಲೆಕ್ಕ.

"ಲಿಂಗವಂತರ ಹುಡುಗಿ ಮೀನ ಹಿಡಿತಾಳ!" ಎಂದು ಶಿವಪುತ್ರ ನಕ್ಕಿದ್ದ.

"ಹಿಡೀತೀನಿ, ತಿನ್ನಲ್ಲ. ನಮ್ಮ ಆಯೀ ಬಿಲ್ಡಿಂಗ್‌ನಲ್ಲಿ ಎಲ್ರಿಗೂ ನಾನು ಯೋಗಾ ಕ್ಲಾಸಿಗೆ ಹೋಗ್ತೀನಿ ಅಂತ ಹೇಳಿದಾಳೆ. ನೀನು ಬಾಯಿ ಬಿಟ್ರೆ ನೋಡು!"

ಅದು ಜನವರಿ. ಮಾರ್ಚ್ ಹೊತ್ತಿಗೆ ಶೈಲಾ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ರೊಟ್ಟಿ ತರುತ್ತಿದ್ದಳು. ಮೀನು ಹಿಡಿಯಲು ಶಿವಪುತ್ರನಿಗೆ ಕೊನೆಗೂ ಬರಲಿಲ್ಲ, ನೀರಿನ ಬಿಸಿ ಅಳೆದು ಬರೆದಿಡುವುದಷ್ಟೇ ಅವನ ಪಾಲಿನ ಸೇವೆ. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇನಿತ್ತು?

ಹಾಗೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮೇ ತಿಂಗಳ ಎರಡನೆಯ ಭಾನುವಾರ ಮಡು ಅರ್ಧಕ್ಕೆ ಇಳಿದಿತ್ತು. ಅವತ್ತು ಶೈಲಾಳ ಗಾಳಕ್ಕೆ ಒಂದರ ಹಿಂದೆ ಒಂದು ಮೀನು.

"ಇವತ್ತ ಸಾಕು ಮಾಡು ಶೈಲಾ. ನೀರ ಬಿಸಿ ಐತಿ, ಮೂವತ್ತೊಂದು ಡಿಗ್ರಿ ತೋರಸ್ತೈತಿ. ಅವಕ್ಕ ದಮ್ಮ ಹತ್ತತೈತಿ..."

"ಇದು ನಿನ್ನ ಪ್ಲೇಟಿಂಗ್ ಟಬ್ ಅಲ್ಲ! ಹನ್ನೊಂದು ವರ್ಷದಿಂದ ಹಿಡೀತಿದೀನಿ. ನನಗೇ ಕಲಿಸ್ತೀಯಾ ನೀನು?"

ಹನ್ನೆರಡು ಮಂದಿಯೂ ನಕ್ಕರು. ಶಿವಪುತ್ರ ಬಿಸಿಯ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ. ಶೈಲಾ ಒಂಬತ್ತು ಮೀನು ಹಿಡಿದಳು, ಒಂಬತ್ತಕ್ಕೂ ಹೊಸ ಕಟ್ಟಿನ ಒಂದರಿಂದ ಒಂಬತ್ತರವರೆಗಿನ ಚೀಟಿ ಚುಚ್ಚಿದಳು, ಒಂದೊಂದನ್ನೂ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡಳು. ಸಂಜೆ ಲೋಕಲ್‌ನಲ್ಲಿ ಆತ ಮತ್ತೆ ಅದೇ ಮಾತು ತೆಗೆದಾಗ ಸಿಟ್ಟಾಗಿ ಅವನ ನಂಬರನ್ನೇ ಬ್ಲಾಕ್ ಮಾಡಿದಳು. 'ಭಾನುವಾರ ಬಂದು ಸಾರಿ ಕೇಳ್ಲಿ, ಆಮೇಲೆ ನೋಡೋಣ!' ಎಂದುಕೊಂಡಿದ್ದಳು.

ಆ ಭಾನುವಾರ ಬಂತು.

ಬೆಳಗಿನ ಏಳೂವರೆಗೆ ಶೈಲಾ ಮಡುವಿನ ದಡಕ್ಕೆ ಇಳಿದಾಗ ಮೊದಲು ಬಂದದ್ದು ವಾಸನೆ. ಆಮೇಲೆ ಕಣ್ಣಿಗೆ ಬಿದ್ದದ್ದು ಹಳದಿ ಬಣ್ಣ. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳ ಬೆನ್ನಲ್ಲಿ ಅವಳೇ ಚುಚ್ಚಿದ ಚೀಟಿಗಳು... ಒಂದು, ಎರಡು... ಏಳು!

ಆಕೆ ಮೊಣಕಾಲುದ್ದ ನೀರಿಗಿಳಿದು ಒಂದೊಂದನ್ನೂ ಬಕೆಟ್ಟಿಗೆ ಹಾಕಿದಳು. ಹಾಕುತ್ತ ಹಾಕುತ್ತ ಅತ್ತಳು. ಜೂನ್ ಬರಲು ಇನ್ನು ಎರಡೇ ವಾರ ಇತ್ತು.

ಅಷ್ಟರಲ್ಲಿ ಹಳ್ಳಿಯ ಎಮ್ಮೆ ಕಾಯುವವ ಬಂದು ಹೇಳಿದ. ಬುಧವಾರ ನಿಮ್ಮ ಆ ಜೋಗೇಶ್ವರಿಯವ ಒಬ್ಬನೇ ಬಂದಿದ್ದ, ಕೈಯಲ್ಲಿ ನೀಲಿ ಕ್ಯಾನು, ಸಂಜೆತನಕ ಹತ್ತು ಸಲ ಓಡಾಡಿದ...

ಪ್ಲೇಟಿಂಗ್ ಯುನಿಟ್. ಕ್ಯಾನು. ಶೈಲಾಳಿಗೆ ಮುಂದೆ ಯೋಚಿಸುವ ಅಗತ್ಯವೇ ಕಾಣಲಿಲ್ಲ. ಅವಮಾನದ ಸೇಡಿಗೆ ವಿಷದ ನೀರು ಸುರಿದಿದ್ದಾನೆ! ಎಂಟೂವರೆ ಗಂಟೆಯ ಹೊತ್ತಿಗೆ ಸತ್ತ ಮೀನುಗಳ ಫೋಟೊ ನೆಟ್ಟಿನಲ್ಲಿ ಹುಡುಕಿ ತೆಗೆದ ಯುನಿಟ್ಟಿನ ಮಾಲೀಕನ ನಂಬರಿಗೆ ತಲುಪಿತ್ತು, ಜೊತೆಗೆ ಪೊಲೀಸ್ ಕಂಪ್ಲೇಂಟಿನ ಬೆದರಿಕೆ.

ಒಂಬತ್ತಕ್ಕೆ ಶಿವಪುತ್ರ ಬಂದ. ಓಡುತ್ತಲೇ ಬಂದಿದ್ದ.

"ಶೈಲಾ, ನಿನಗ ಒಂದ ಮಾತ ಹೇಳೂದೈತಿ. ಫೋನ್ ಹಚ್ಚಿದ್ದೆ, ಹತ್ತಲಿಲ್ಲ..."

"ಬುಧವಾರ ಇಲ್ಲಿಗೆ ಬಂದಿದ್ಯಾ?"

"ಹೂಂ. ಅದನ್ನ ಹೇಳಾಕ..."

"ಕ್ಯಾನ್ ತಂದಿದ್ಯಾ?"

"ತಂದಿದ್ದೆ. ಆದ್ರ..."

ಶೈಲಾ ಬಕೆಟ್ ಎತ್ತಿ ಅವನ ಎದೆಯ ಮೇಲೆ ಸುರಿದಳು. ಏಳೂ ಮೀನು, ಕೊಳೆತ ನೀರು, ಎಲ್ಲ. ಅವನ ಬಿಳಿ ಅಂಗಿಯಿಂದ ಒಂದು ಮೀನು ಜಾರಿ ಕಾಲ ಬಳಿ ಬಿತ್ತು. ಯಾರೋ ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದರು.

"ತಗೋ! ವಾಸನೆ ತಗೋ! ಹೊಲಸು ನೀರು ತೊಳೆಯೋನ ಬುದ್ಧಿ ಹೊಲಸೇ. ಇಷ್ಟು ದಿನ ನಿನಗೆ ರೊಟ್ಟಿ ಹಾಕಿದೆ ನೋಡು, ನಾಯಿಗೆ ಹಾಕಿದ್ರೂ ನಿಯತ್ತಾಗಿ ಇರ್ತಿತ್ತು!"

ಅದೇ ಹೊತ್ತಿಗೆ ಅವನ ಫೋನ್ ರಿಂಗಾಯಿತು. ಮಾಲೀಕ ಎಷ್ಟು ಜೋರಾಗಿ ಕಿರುಚಿದನೆಂದರೆ ಎಲ್ಲರಿಗೂ ಕೇಳಿಸಿತು. ನಾಳೆಯಿಂದ ಕೆಲಸಕ್ಕೆ ಬರಬೇಡ, ಯುನಿಟ್ಟಿನ ಮೇಲೆ ಅವನಿದ್ದ ಖೋಲಿ ಸಂಜೆಯೊಳಗೆ ಖಾಲಿಯಾಗಬೇಕು.

ಶಿವಪುತ್ರ ಫೋನ್ ಜೇಬಿಗೆ ಹಾಕಿದ. ಕಾಲ ಬಳಿಯ ಮೀನನ್ನು ನೋಡಿದ. ಶೈಲಾಳನ್ನು ನೋಡಿದ. ಸುತ್ತ ನಿಂತ ಹನ್ನೆರಡು ಮುಖಗಳನ್ನು ನೋಡಿದ.

"ಬರ್ತೀನಿ," ಎಂದಷ್ಟೇ ಹೇಳಿ ಹೊರಟುಹೋದ.

ಶೈಲಾಳಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ಆಕೆಗೆ ನಿಜಕ್ಕೂ ಖುಷಿಯಾಯಿತು. ಮಧ್ಯಾಹ್ನದವರೆಗೆ ಹಲ್ಲು ಕಚ್ಚಿ ಹದಿನಾಲ್ಕು ಗೋಣಿ ಕಸ ತುಂಬಿದಳು. ಎಲ್ಲರೂ ಬೆನ್ನು ತಟ್ಟಿದರು.

ಬೆನ್ನು ತಟ್ಟದವನು ಗುಂಪಿನ ದೂಜ ಒಬ್ಬನೇ. ಐವತ್ತು ದಾಟಿದ ಈತ ವಿಲೆ ಪಾರ್ಲೆಯ ಕ್ಯಾಂಟೀನಿನಲ್ಲಿ ಅಡುಗೆಯವ, ಮಲ್ಪೆಯ ಕಡೆ ಬಲೆಯ ನಡುವೆಯೇ ಬೆಳೆದವ. ಮಡುವಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೀರನ್ನೇ ನೋಡಿದ.

"ಶೈಲಾ, ಇಲ್ಲಿ ಬಾ. ಇದೆಂತದು ಹೇಳು?"

"ಮರಿ ಮೀನು."

"ಜೀವ ಉಂಟಾ ಇಲ್ವಾ?"

"...ಇದೆ."

"ಆ ಕಲ್ಲಿನಡಿ ಏಡಿಯೂ ಉಂಟು. ವಿಷ ಹಾಕಿದ್ರೆ ಮೊದಲು ಸಾಯೋದು ಇವು ಮಾರಾಯ್ತಿ. ಚೀಟಿ ಇಲ್ಲದ ಮಹಶೀರೂ ಅಲ್ಲಿ ಆಡ್ತಾ ಉಂಟು ನೋಡು. ಸತ್ತದ್ದು ಏಳು, ಏಳೂ ನಿನ್ನ ಕೈಯಿಂದ ಹೋದದ್ದು. ವಿಷಕ್ಕೆ ನಂಬರ್ ಓದ್ಲಿಕ್ಕೆ ಬರ್ತದಾ?"

ಶೈಲಾ ಮತ್ತೊಮ್ಮೆ ಬಗ್ಗಿ ನೋಡಿದಳು. 'ಇಲ್ಲ... ಹಾಗಿರಲಿಕ್ಕಿಲ್ಲ...'

ಆದರೆ ಆಕೆಗೆ ಗೊತ್ತಿತ್ತು. ಗಾಳ ಹಿಡಿಯುವ ಯಾರಿಗೂ ಗೊತ್ತಿರುವ ಸಂಗತಿ ಅದು. ಬಿಸಿ ನೀರಿನಲ್ಲಿ ಉಸಿರು ಕಡಿಮೆ. ಅದರಲ್ಲಿ ಗಾಳಕ್ಕೆ ಜಗ್ಗಿ ಜಗ್ಗಿ ಸುಸ್ತಾದ ಮೀನನ್ನು ಫೋಟೊಗೆಂದು ಗಾಳಿಯಲ್ಲಿ ಎತ್ತಿ ಹಿಡಿದರೆ, ಬಿಟ್ಟಾಗ ಈಜಿಕೊಂಡೇ ಹೋಗುತ್ತದೆ, ಎರಡು ಮೂರು ದಿನ ಬಿಟ್ಟು ಸಾಯುತ್ತದೆ. ಬಿಟ್ಟೆನೆಂಬ ಪುಣ್ಯ ಹಿಡಿದವನಿಗೆ, ಸಾವು ಮೀನಿಗೆ.

"ಮತ್ತೆ ಉಳಿದ ಎರಡು ಎಲ್ಲಿ?" ಎಂದಳು ಸಣ್ಣ ದನಿಯಲ್ಲಿ.

ಹುಡುಕುತ್ತ ಮೇಲಕ್ಕೆ ನಡೆದಳು. ಮಡುವಿನಿಂದ ಮೇಲೆ ಅರ್ಧ ಮೈಲಿ ನದಿಯೇ ಇಲ್ಲ, ಬರೀ ಒಣಗಿದ ಕಲ್ಲು. ಅದರಾಚೆ ಬಂಡೆಯ ನೆರಳಲ್ಲಿ ಒಂದು ತಣ್ಣನೆಯ ಗುಂಡಿ. ಇಣುಕಿ ನೋಡಿದಳು. ನೆರಳಿನಲ್ಲಿ ಎರಡು ಮಹಶೀರ್ ನಿಧಾನಕ್ಕೆ ಸುತ್ತುತ್ತಿದ್ದವು. ಬೆನ್ನಲ್ಲಿ ಹಳದಿ ಚೀಟಿ. ನಾಲ್ಕು. ಒಂಬತ್ತು.

ಒಣ ಕಲ್ಲಿನ ಮೇಲೆ ಮೀನು ಈಜಿ ಬರುವುದಿಲ್ಲ. ಯಾರೋ ಎತ್ತಿ ತಂದಿದ್ದಾರೆ... ಕ್ಯಾನಿನಲ್ಲಿ... ಹತ್ತು ಸಲ ಓಡಾಡಿ!

ಶೈಲಾ ಬಂಡೆಯ ಮೇಲೆ ಕೂತಳು. ಬೆಳಗ್ಗೆ ತಾನಾಡಿದ ಒಂದೊಂದು ಮಾತೂ ಈಗ ತನ್ನ ಕಿವಿಯಲ್ಲೇ ಬಂದು ಬೀಳತೊಡಗಿತು. ನಾಯಿ ಅಂದೆ. ಅವನ ಕೆಲಸ ಕಳೆದೆ. ಅವನಿಗೆ ಮಲಗಲು ಜಾಗವಿಲ್ಲದಂತೆ ಮಾಡಿದೆ... 'ಶಿವಾ, ನೀನು ಒಂದು ಮಾತು ಯಾಕೆ ಹೇಳಲಿಲ್ಲ?'

ಕೆಳಗಿಳಿದು ಬಂದು ಎಲ್ಲರ ಮುಂದೆ ನಿಂತಳು.

"ವಿಡಿಯೋ ಮಾಡಿದ್ರಲ್ಲ, ಇದನ್ನೂ ಮಾಡಿ. ಮೀನು ಕೊಂದಿದ್ದು ನಾನು. ಅವನು ಎರಡನ್ನ ಉಳಿಸಿದ. ಬೆಳಗ್ಗೆ ನಾನು ಹೇಳಿದ್ದು ಎಲ್ಲಾ ಸುಳ್ಳು."

ಅವರು ಮಾಡಿದರು. ಬೆಳಗ್ಗೆ ಬೆನ್ನು ತಟ್ಟಿದವರೇ ಮಾಡಿದರು. "ಹನ್ನೊಂದು ವರ್ಷದ ಅನುಭವ ಅಂತೆ!" ಎಂದು ಹಿಂದಿನಿಂದ ಯಾರೋ ನಕ್ಕರು. ಇನ್ನೊಬ್ಬರು ಆಕೆಯ ಕೋಲನ್ನು ತೆಗೆದಿಟ್ಟು, ಇನ್ನು ಬರಬೇಡ ಎಂದರು. ಶೈಲಾ ಅದೇ ವಿಡಿಯೋವನ್ನು ಮಾಲೀಕನಿಗೂ ಕಳಿಸಿ ಸ್ಟೇಷನ್ನಿನ ಕಡೆ ಓಡಿದಳು. ಶಿವಪುತ್ರನ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್.

ದಾದರ್‌ನಲ್ಲಿ ಲೋಕಲ್ ಬದಲಿಸಿ ಜೋಗೇಶ್ವರಿ ಮುಟ್ಟುವಾಗ ಆರು ದಾಟಿತ್ತು. ಯುನಿಟ್ಟಿನ ಮೇಲಿನ ಖೋಲಿಗೆ ಹೊಸ ಬೀಗ. ಪಕ್ಕದಲ್ಲಿ ಖಾನಾವಳಿ ನಡೆಸುವ ಇಂದ್ರಾಬಾಯಿ ರೊಟ್ಟಿ ತಟ್ಟುತ್ತಲೇ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಆಕಿ ನೀನ ಏನು?"

ಶೈಲಾ ತಲೆಯಾಡಿಸಿದಳು.

"ನಳದ ಕೆಳಗ ಕುಂತು ತಾಸಗಟ್ಟಲೆ ಅಂಗಿ ತಿಕ್ಕಿದ ನಮ್ಮ ಹುಡುಗ. ವಾಸನಿ ಹೋಗಲಿಲ್ಲ. ಉಣ್ಣಾಕ ಕರದರ ನಿಮ್ಮ ಗಿರಾಕಿ ಎದ್ದ ಹೋಗ್ತಾರ ಅಂತ ಹೊರಗ ನಿಂತ. ಛಲೋ ಮಾಡಿದಿ ತಂಗಿ! ಹೈವೇದಾಗ ಅವನೂರ ಕಡೆ ಹೋಗೂ ಇಂಡಿ ಬಸ್ಸ ಐತಿ ಏಳಕ್ಕ. ಹೋಗು, ಇನ್ನೇನರ ಸುರವೂದು ಉಳಿದಿದ್ರ ಸುರು."

ಶೈಲಾ ಓಡಿದಳು.

ಬಸ್ಸಿನ ಎಂಜಿನ್ ಆಗಲೇ ಚಾಲೂ ಆಗಿತ್ತು. ಮೂರನೆಯ ಕಿಟಕಿಯಲ್ಲಿ ಶಿವಪುತ್ರ ಕೂತಿದ್ದ. ಅವನ ಪಕ್ಕದ ಸೀಟು ಖಾಲಿ. ವಾಸನೆಗೆ ಯಾರೂ ಕೂತಿರಲಿಲ್ಲ.

"ಶಿವಾ!"

ಆತ ಕಿಟಕಿಯಿಂದ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

"ನಾನೇ ಕೊಂದೆ ಶಿವಾ. ನಾಲ್ಕು, ಒಂಬತ್ತು... ಎರಡೂ ನೋಡ್ದೆ. ಎಲ್ಲರ ಮುಂದೆ ಹೇಳ್ದೆ."

"ಏನಂದ್ರು?"

"ನಕ್ಕರು. ಕೋಲು ತಗೊಂಡ್ರು. ಬರಬೇಡ ಅಂದ್ರು."

"ಹೂಂ." ಆತ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡ. "ನಿನಗ ಅದ ಆಗ್ತೈತಿ ಅಂತನ ಎಲ್ಲಾರ ಮುಂದ ನಾ ಬಾಯಿ ಬಿಡಲಿಲ್ಲ."

ಶೈಲಾ ಬಿಕ್ಕಿ ಬಿಕ್ಕಿ ಅತ್ತಳು. ಕಂಡಕ್ಟರ್ ಒಳಗೆ ಹತ್ತು ಇಲ್ಲವೇ ಪಕ್ಕಕ್ಕೆ ಸರಿ ಎಂದು ಗದರಿದ.

"ನನ್ನ ದೇವ್ರ ಮಾಡಬ್ಯಾಡ ಶೈಲಾ. ಬುಧವಾರ ಮ್ಯಾಲಿನ ಗುಂಡಿಯಿಂದ ತಣ್ಣೀರ ತಂದ ತಂದ ಹಾಕಿದೆ, ಸುಸ್ತಾಗಿ ದಂಡಿಗೆ ಬಂದ ಎರಡನ್ನ ಅಲ್ಲಿಗೆ ಒಯ್ದೆ, ಇನ್ನೊಂದ ನನ್ನ ಕೈಯಾಗ ಸತ್ತತು. ಅವಾಗ ನಿನ್ನ ಬಾಳ ಬೈದೆ. ಇವತ್ತ ಇಡೀ ದಿನ ಬೈದೇನಿ. ನಾಯಿ ಅಂದಿ ನೀ ನನಗ. ಅದ ಇಳಿವಲ್ದು."

"ಇಳೀಬಾರ್ದು. ನಾನು ಕ್ಷಮಿಸು ಅಂತ ಕೇಳ್ಲಿಕ್ಕೆ ಬಂದಿಲ್ಲ. ನಾನು... ನಿನ್ನ ಪ್ರೀತಿಸ್ತೀನಿ ಅಂತ ಹೇಳಿರಲಿಲ್ಲ. ಅದನ್ನ ಹೇಳ್ದೆ ನೀನು ಹೋಗಬಾರ್ದು ಅಂತ ಬಂದೆ. ಅಷ್ಟೇ."

ಬಸ್ಸು ಮೆಲ್ಲಗೆ ಮುಂದೆ ಸರಿಯಿತು. ಶೈಲಾ ಹಿಂದೆ ಸರಿದು ನಿಂತಳು, ಕೈ ಬೀಸುವ ಧೈರ್ಯವೂ ಇರಲಿಲ್ಲ. ಹತ್ತು ಮಾರು, ಇಪ್ಪತ್ತು ಮಾರು... ಕಂಡಕ್ಟರನ ಬೈಗುಳ ಕೇಳಿಸಿತು. ಬಸ್ಸು ನಿಂತಿತು. ಬ್ಯಾಗು ಹೆಗಲಿಗೇರಿಸಿ ಶಿವಪುತ್ರ ಇಳಿದ.

ಎದುರಿಗೆ ಬಂದು ನಿಂತ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಸಿಟ್ಟ ಹೋಗಿಲ್ಲ."

"ಗೊತ್ತು."

"ಬಾಳ ದಿನ ಹೋಗಂಗಿಲ್ಲ."

"ಬೇಡ. ದಿನಾ ಸಿಟ್ಟು ಮಾಡು. ಆದ್ರೆ ಎದುರಿಗಿದ್ದು ಮಾಡು."

ಶಿವಪುತ್ರ ಅತ್ತ ತಿರುಗಿ ಅಂಗೈಯಿಂದ ಕಣ್ಣು ಒರೆಸಿಕೊಂಡ.

"ಬೆಳಗ್ಗಿಂದ ಏನರ ತಿಂದಿಯೇನು?"

"ಇಲ್ಲ... ನೀನು?"

"ಇಲ್ಲ. ನಡಿ."