ಅಜ್ಜಿಯ ನಂಬರ್ ಒನ್

"ಇನ್ನೊಂದ್ ಸಲ ಓದು. ಕೆಂಪಿನ ಮೊದಲನೇ ಹೆಸರಿಂದ," ಎಂದಳು ಅಜ್ಜಿ.

ಇಲೇನ್ಯಾ ಅಡುಗೆಮನೆಯ ಮೇಜಿನ ಮೇಲಿದ್ದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದಳು. ಇದು ನಾಲ್ಕನೇ ಸಲ. ಹತ್ತೊಂಬತ್ತು ಹೆಸರುಗಳು, ಹತ್ತೊಂಬತ್ತು ಚೌಕಗಳು. ಪೇಪರಿನಲ್ಲಿ ಬಂದಿದ್ದ, ಚುನಾವಣೆಗೆ ನಿಂತವರ ಪಟ್ಟಿಯನ್ನು ನೋಡಿ ಅವಳೇ ಬರೆದಿದ್ದಳು. ಮೇಲಿದ್ದ ಒಂದು ಪಕ್ಷಕ್ಕೆ ಕೆಂಪು, ಕೆಳಗಿನ ಇನ್ನೊಂದು ಪಕ್ಷಕ್ಕೆ ನೀಲಿ ಸ್ಕೆಚ್ ಪೆನ್ನು. ಸ್ಕೂಲಿನ ಪ್ರಾಜೆಕ್ಟನ್ನೂ ಅವಳು ಇಷ್ಟು ನೀಟಾಗಿ ಮಾಡಿದವಳಲ್ಲ.

ಚೆನ್ಸಾ ಅಜ್ಜಿಗೆ ಎರಡು ವರ್ಷದಿಂದ ಕಣ್ಣು ಮಂಜು. ಬಣ್ಣ ತಿಳಿಯುತ್ತದೆ, ದಪ್ಪ ಗೆರೆ ತಿಳಿಯುತ್ತದೆ. ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಶನಿವಾರ ಮಾಲ್ಟಾದ ಪಾರ್ಲಿಮೆಂಟಿಗೆ ಚುನಾವಣೆ. ಕಣ್ಣು ಕಾಣದವರು ಬೂತಿನಲ್ಲಿ ಬಾಯಿಬಿಟ್ಟು ಹೇಳಿದರೆ ಮೇಜಿನ ಹಿಂದೆ ಕೂತವರು ಬರೆದುಕೊಡುತ್ತಾರೆ. ಅದಕ್ಕೆ ಅಜ್ಜಿ ಸುತಾರಾಂ ಒಪ್ಪಲಿಲ್ಲ. ಅಲ್ಲಿ ಎರಡೂ ಪಕ್ಷದವರು ಇರುತ್ತಾರೆ, ಅವರೆದುರು ತಾನು ಬಾಯಿಬಿಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವಳ ವಾದ.

ಮಾಲ್ಟಾದಲ್ಲಿ ಓಟು ಹಾಕುವುದೆಂದರೆ ಹೆಸರಿನ ಪಕ್ಕದ ಚೌಕದಲ್ಲಿ ಅಂಕಿ ಬರೆಯುವುದು. ಎಲ್ಲರಿಗಿಂತ ಬೇಕಾದವರಿಗೆ ಒಂದು, ಆಮೇಲಿನವರಿಗೆ ಎರಡು, ಮೂರು. ಎರಡು ಕಡೆ ಒಂದು ಬರೆದರೆ ಓಟೇ ಹಾಳು. ಹಾಗಾಗಿ ಚುನಾವಣೆ ಬಂತೆಂದರೆ ಬಾಗಿಲು ತಟ್ಟಿದವರೆಲ್ಲ ಕೇಳುವುದು ಒಂದೇ ಮಾತು: ನಂಬರ್ ಒನ್ ನಮಗೆ ತಾನೆ?

ಅಜ್ಜಿಯ ನಂಬರ್ ಒನ್ ಯಾರಿಗೆ ಎಂಬುದು ಐವತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ. ತೀರಿಕೊಂಡ ತಾತ ಅಪ್ಪಟ ನೀಲಿ. ಅಜ್ಜಿಯ ಅಪ್ಪ ಹಡಗುಕಟ್ಟೆಯಲ್ಲಿ ದುಡಿದವರು, ಅಷ್ಟೇ ಅಪ್ಪಟ ಕೆಂಪು. ಹಾಗಾಗಿ ಅಜ್ಜಿ ನಮ್ಮ ಕಡೆಯೇ ಎಂದು ನೀಲಿಯ ಸಾಲ್ವು ಮಾವನೂ ನಂಬಿದ್ದ, ಕೆಂಪಿನವನಾದ ಇಲೇನ್ಯಾಳ ಅಪ್ಪನೂ ನಂಬಿದ್ದ. ಪ್ರತಿ ಚುನಾವಣೆಯಲ್ಲೂ ಇಬ್ಬರೂ ಅವಳಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಅವಳು ಇಬ್ಬರಿಗೂ ಮ್ಯಾಕರೋನಿ ಬಡಿಸುತ್ತಿದ್ದಳು.

ಈಗ ದಿನಾ ಸ್ಕೂಲು ಬಿಟ್ಟ ಮೇಲೆ ಪ್ರಾಕ್ಟೀಸು. ಇಲೇನ್ಯಾ ಓದುವುದು, ಅಜ್ಜಿ ಬೆರಳಿನಲ್ಲಿ ಸಾಲು ಎಣಿಸಿ ಪೆನ್ಸಿಲಿನಿಂದ ಅಂಕಿ ಬರೆಯುವುದು, ಆಮೇಲೆ ರಬ್ಬರಿನಿಂದ ಅಳಿಸುವುದು. ಒಂದು ದಿನ ಕೆಂಪಿನಲ್ಲಿ ಬರೆದರೆ ಮರುದಿನ ನೀಲಿಯಲ್ಲಿ. ಮುದುಕಿ ಬಲು ಹುಷಾರು.

ಬುಧವಾರ ಸಾಲ್ವು ಮಾವ ಸ್ಕೂಲಿನ ಗೇಟಿನ ಹತ್ತಿರ ಕಾದಿದ್ದ. ಅಮ್ಮನ ಅಣ್ಣ ಅವನು. ಈ ಸಲ ನೀಲಿಯಿಂದ ನಿಂತಿದ್ದ ಒಬ್ಬ ಹಲ್ಲಿನ ಡಾಕ್ಟರ್ ಪರವಾಗಿ ಮನೆಮನೆ ಸುತ್ತುತ್ತಿದ್ದ. ಇಲೇನ್ಯಾಗೆ ಪಫ್ಸಿನಂಥ ಬಿಸಿಬಿಸಿ ಪಸ್ತೀತ್ಸಿ ಕೊಡಿಸಿ, ಒಳಗಿನ ಚೀಸು ನಾಲಿಗೆ ಸುಡುವ ಹೊತ್ತಿಗೆ ಸರಿಯಾಗಿ ವಿಷಯಕ್ಕೆ ಬಂದ. ಗೆದ್ದ ದಿನ ಊರಿಡೀ ಹಾರ್ನ್ ಹೊಡೆಯುತ್ತಾ ಮೆರವಣಿಗೆ ಹೋಗುತ್ತದಲ್ಲ, ಅದರಲ್ಲಿ ಮುಂದಿನ ಲಾರಿಯ ಮೇಲೆ ಅವಳನ್ನು ನಿಲ್ಲಿಸುತ್ತಾನಂತೆ. ಕೈಗೆ ಎಲ್ಲಕ್ಕಿಂತ ದೊಡ್ಡ ಬಾವುಟ ಕೊಡುತ್ತಾನಂತೆ. ಅಜ್ಜಿ ಯಾವ ಚೌಕದಲ್ಲಿ ಒಂದು ಬರೆಯುತ್ತಾಳೆ, ಅಷ್ಟು ಹೇಳಿದರೆ ಸಾಕಂತೆ.

"ಅದು ಸೀಕ್ರೆಟ್ ಮಾವ," ಎಂದಳು ಇಲೇನ್ಯಾ.

"ನಿಮ್ಮಜ್ಜಿ ನಂಗೆ ಅಮ್ಮ ಕಣೇ. ಅಮ್ಮನ ವಿಷಯ ಮಗನಿಗೆ ಗೊತ್ತಾದ್ರೆ ಏನೀಗ?"

ಇಲೇನ್ಯಾಗೂ ಹೌದಲ್ಲ ಅನ್ನಿಸಿತು. ಲಾರಿಯ ಆಸೆ ಅದಕ್ಕಿಂತ ಹೆಚ್ಚಾಗಿತ್ತು. ಆ ಸಂಜೆ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದಳು. ಕೆಂಪಿನ ಕೊನೆಯ ಚೌಕದಲ್ಲಿ ಕಾಗದ ಸವೆದು ತೆಳ್ಳಗಾಗಿತ್ತು. ಉಳಿದ ಯಾವುದೂ ಅಷ್ಟು ಸವೆದಿರಲಿಲ್ಲ. ಪತ್ತೇದಾರಿಯ ಕೆಲಸ ಇಷ್ಟು ಸುಲಭವೇ ಎಂದು ಅವಳಿಗೆ ಜಂಬ ಬಂತು.

ಗುರುವಾರ ಮಾವನಿಗೆ ಹೇಳಿಬಿಟ್ಟಳು. ಅವನು ಕೈಯಲ್ಲಿದ್ದ ಪಸ್ತೀತ್ಸಿಯನ್ನು ಪೂರ್ತಿ ತಿನ್ನಲಿಲ್ಲ. ಲಾರಿಯ ಮಾತನ್ನೂ ಎತ್ತಲಿಲ್ಲ.

ಸಂಜೆ ಮನೆಗೆ ಬಂದವನು ಒಳಗೆ ಕೂರದೆ ಅಡುಗೆಮನೆಯ ಬಾಗಿಲಲ್ಲೇ ನಿಂತ. ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದಳು.

"ಕೆಂಪಿಗಾ ಅಮ್ಮಾ? ಅಪ್ಪ ಇದ್ದಿದ್ರೆ ಏನಂತಿದ್ರು?"

ಅಜ್ಜಿ ಚಾಕು ಕೆಳಗಿಟ್ಟಳು. "ನಿಮ್ಮಪ್ಪ ನನ್ನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ್ರು. ಒಂದು ಸಲಾನೂ ಕೇಳ್ಲಿಲ್ಲ."

ಮಾವ, ಶನಿವಾರ ಬೂತಿಗೆ ಕರೆದೊಯ್ಯಲು ತನ್ನ ಕಾರಿಗೆ ಬಿಡುವಿಲ್ಲ ಎಂದು ಹೇಳಿ ಹೊರಟುಹೋದ. ಟೀವಿ ಮುಂದಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. ಅವನು ಖುಷಿಯಿಂದ ಎದ್ದು ಬಂದು, ನಂಗೆ ಮೊದಲೇ ಗೊತ್ತಿತ್ತು ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ ಎಂದ. ಅಜ್ಜಿಗೆ ಮಗನ ಕೋಪದಷ್ಟೇ ಅಳಿಯನ ಈ ಖುಷಿಯೂ ಕಿರಿಕಿರಿಯಾಯಿತು.

ಎಲ್ಲರೂ ಹೋದ ಮೇಲೆ ಅಜ್ಜಿ ಹಾಳೆಯ ಮೇಲೆ ಬೆರಳಾಡಿಸಿದಳು. ಸವೆದ ಜಾಗದಲ್ಲಿ ಬೆರಳು ನಿಂತಿತು.

"ಇದನ್ನ ನೋಡಿ ಹೇಳಿದ್ಯಾ?"

ಇಲೇನ್ಯಾ ತಲೆಯಾಡಿಸಿದಳು. ಅದು ಅಜ್ಜಿಗೆ ಕಾಣುವುದಿಲ್ಲವಲ್ಲ. ಬಾಯಿಬಿಟ್ಟು ಹೂಂ ಎನ್ನಲೇಬೇಕಾಯಿತು. ಆ ಒಂದು ಹೂಂ ಹೊರಡುವುದು ಬಹಳ ಕಷ್ಟವಾಯಿತು.

"ಇದು ಕೊನೇ ಸಾಲು. ಕೆಳಗಡೆ ದಪ್ಪ ಗೆರೆ ಇದೆ. ಇಲ್ಲಿ ನನ್ನ ಕಣ್ಣು ತಪ್ಪುತ್ತೆ, ಅದಕ್ಕೆ ಇಲ್ಲೇ ಜಾಸ್ತಿ ಸಲ ಬರೆದು ಅಳಿಸಿದೆ."

"ಹಾಗಾದ್ರೆ ಅವ್ರಿಗಲ್ವಾ?"

"ಅವ್ರಿಗೇ ಇದ್ರೂ ಇರಬಹುದು," ಎಂದು ಅಜ್ಜಿ ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು.

ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಬೈಯಲಿಲ್ಲ. ಬೂತಿನಲ್ಲಿ ತೋರಿಸಲೆಂದು ಪೊಲೀಸರು ಮನೆಗೆ ತಂದುಕೊಟ್ಟಿದ್ದ ಓಟಿನ ಚೀಟಿ ಶೆಲ್ಫಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಕೊಂಡು ಕೂತಿತ್ತು. ಶುಕ್ರವಾರ ಮಧ್ಯಾಹ್ನ ಅಮ್ಮ ಅದನ್ನು ಕೈಗೆ ಕೊಡಲು ಹೋದರೆ, ಇರಲಿ ಬಿಡು, ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ ಎಂದಳಂತೆ. ಒಂದೇ ಒಂದು ಓಟನ್ನೂ ಬಿಡದ ಅಜ್ಜಿ! ಅಜ್ಜಿ ಹೋಗದಿದ್ದರೆ ಅದು ತನ್ನಿಂದಲೇ ಎಂದು ಇಲೇನ್ಯಾಗೆ ಗೊತ್ತಿತ್ತು.

ಅವಳು ರೂಮಿಗೆ ಹೋಗಿ ಹೊಸ ಹಾಳೆ ಮಾಡಿದಳು. ಹೆಸರುಗಳನ್ನು ಬರೆಯಲಿಲ್ಲ. ಬಣ್ಣ, ಗೆರೆ, ಹತ್ತೊಂಬತ್ತು ಚೌಕ, ಅಷ್ಟೇ. ಅದನ್ನು ಅಜ್ಜಿಯ ಮುಂದಿಟ್ಟು, ಪೆನ್ಸಿಲು ಕೈಗೆ ಕೊಟ್ಟು, ಕುರ್ಚಿಯನ್ನು ಸಿಂಕಿನ ಕಡೆ ತಿರುಗಿಸಿಕೊಂಡು ಕೂತಳು.

"ನನ್ನ ಬೆನ್ನು ನಿನ್ನ ಕಡೆ ಇದೆ ಅಜ್ಜಿ. ಮುಟ್ಟಿ ನೋಡು ಬೇಕಾದ್ರೆ."

ಅಜ್ಜಿ ನಿಜವಾಗಿಯೂ ಕೈಚಾಚಿ ಮುಟ್ಟಿ ನೋಡಿದಳು. ಆಮೇಲೆ ಇಲೇನ್ಯಾ ಹೇಳತೊಡಗಿದಳು. ಹೆಸರುಗಳೆಲ್ಲ ಅವಳಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಹಿಂದೆ ಪೆನ್ಸಿಲಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ತಿರುಗಬೇಕೆಂದು ಕುತ್ತಿಗೆ ತುರಿಸುತ್ತಿತ್ತು. ಅವಳು ನಲ್ಲಿಯನ್ನೇ ನೋಡುತ್ತಾ ಹತ್ತೊಂಬತ್ತನ್ನೂ ಮುಗಿಸಿದಳು. ಕೊನೆಗೆ ಅಜ್ಜಿ ಹಾಳೆಯನ್ನು ತಾನೇ ಚೂರುಚೂರು ಮಾಡಿದಳು.

ಶನಿವಾರ ಬೆಳಿಗ್ಗೆ ಅಪ್ಪ ಕಾರಿನ ಕೀ ಹಿಡಿದು ನಿಂತಿದ್ದ. ಅಜ್ಜಿ ನಡೆದೇ ಹೋಗುತ್ತೇನೆಂದು ಹಟ ಹಿಡಿದು, ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಇಲೇನ್ಯಾಳ ತೋಳು ಹಿಡಿದಳು. ಬೂತು ಇದ್ದದ್ದು ಇಲೇನ್ಯಾಳ ಸ್ಕೂಲಿನಲ್ಲೇ. ಆದರೂ ಗೇಟಿನಲ್ಲಿದ್ದ ಪೊಲೀಸಮ್ಮ ಅವಳನ್ನು ಒಳಗೆ ಬಿಡಲಿಲ್ಲ, ನಿನಗಿನ್ನೂ ವಯಸ್ಸಾಗಿಲ್ಲ ಎಂದು ನಕ್ಕಳು. ಬಾಗಿಲಲ್ಲಿ ಯಾರೋ ಸಹಾಯ ಬೇಕೇ ಎಂದು ಕೇಳಿದ್ದಕ್ಕೆ ಅಜ್ಜಿ ಬೇಡವೆಂದು ಕೈಯಾಡಿಸಿದ್ದು ಅಲ್ಲಿಂದಲೇ ಕಂಡಿತು.

ಒಳಗೆ ಹೋದ ಅಜ್ಜಿ ಎಷ್ಟು ಹೊತ್ತಾದರೂ ಬರಲಿಲ್ಲ. ಅವಳ ಹಿಂದೆ ಹೋದ ಆರು ಜನ ಹೊರಗೆ ಬಂದರು. ಗೆರೆ ದಪ್ಪಗಿದೆಯೋ ತೆಳ್ಳಗಿದೆಯೋ, ಬಣ್ಣ ಕಾಣುತ್ತಿದೆಯೋ ಇಲ್ಲವೋ ಎಂದು ಇಲೇನ್ಯಾ ಗೇಟಿನ ಸರಳು ಹಿಡಿದು ಯೋಚಿಸುತ್ತಲೇ ಇದ್ದಳು. ಕೊನೆಗೆ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

ಇಬ್ಬರೂ ಬೀದಿಯ ತಿರುವಿನವರೆಗೆ ನಡೆದರು. ಆಮೇಲೆ ಅಜ್ಜಿಯೇ ಹೇಳಿದಳು. "ಏನಾದ್ರೂ ಕೇಳೋದಿದ್ರೆ ಈಗ ಕೇಳು. ಹೇಳ್ತೀನಿ."

ಇಲೇನ್ಯಾ ಯೋಚಿಸಿದಳು.

"ನೀನು ಅಂದ್ಕೊಂಡ ಚೌಕದೊಳಗೇ ಬರೆದ್ಯಾ ಅಜ್ಜಿ?"

"ಹೂಂ. ಅದರೊಳಗೇ."

ಅಜ್ಜಿ ಮುಂದಿನ ಪ್ರಶ್ನೆಗಾಗಿ ಕಾದಳು. "ಮುಂದೆ ಎರಡು ಮೆಟ್ಟಿಲಿದೆ, ನಿಧಾನ," ಎಂದಳು ಇಲೇನ್ಯಾ.