ಅರ್ಥಿಂಗ್ ಬೋಲ್ಟಿಗೆ ಕಟ್ಟಿದ ಗಂಟು

"ಬಲಗಡಿ ಕೈ ಹಾಕಬ್ಯಾಡ, ಬಾಳೇಶ. ಸ್ಟೇರಿಂಗ್ ಕೆಳಗ ಒಂದ ಗಂಟ ಕಟ್ಟೇತಿ. ಅದನ್ನ ಬಿಚ್ಚಿದಾಂವ್ಗ ಒಳ್ಳೇದಾಗಂಗಿಲ್ಲ."

ಅಕ್ಕನ ಗಂಡ ಕರೆಪ್ಪ ಇದನ್ನು ಹೇಳಿದ್ದು ಬೆಳಗಿನ ಹತ್ತು ಗಂಟೆಗೆ, ಅನಗೋಳದ ಓಣಿಯಲ್ಲಿ, ಉರಿಬಿಸಿಲಿನಲ್ಲಿ. ಬಾಳೇಶ ನಕ್ಕ.

"ಯಾರ ಕಟ್ಯಾರ್ರಿ ದಾಜಿ?"

"ಗಾಡಿ ಮಾರಿದಾಂವ ಕಟ್ಯಾನ. ಮಾಟದ್ದೈತಂತ. ಬಿಚ್ಚಬ್ಯಾಡ."

ಬಾಳೇಶ ಮತ್ತೆ ನಕ್ಕ. ಹಿರಿಯನೆಂಬ ಮರ್ಯಾದೆಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ, ಅಷ್ಟೇ. "ಆರು ವರ್ಷ ಪುಣೆದಾಗ ನೂರಾರು ಗಾಡಿ ಬಿಚ್ಚೇನ್ರಿ. ಲಿಂಬಿಹಣ್ಣ, ಕುದುರಿ ಲಾಳ, ಒಬ್ಬಾಂವನ ಗಾಡ್ಯಾಗ ಅವನ ಅತ್ತೀದು ಹರಕ ಚಪ್ಪಲ್ಲ! ಎಲ್ಲಾ ಕಿತ್ತ ಒಗದೇನಿ. ನನಗೇನಾಗೇತಿ?"

"ಮೂರನೇ ಸಲ ಹೇಳಾಕತ್ತೇನಿ," ಎಂದ ಕರೆಪ್ಪ. ಅವನ ಕಣ್ಣು ಬಾಳೇಶನ ಬಾಯಿಯ ಮೇಲೆ ನೆಟ್ಟಿತ್ತು. "ಬಿಚ್ಚಬ್ಯಾಡ."

ಈ ಸಲ ಬಾಳೇಶ ಬಿದ್ದು ಬಿದ್ದು ನಕ್ಕ. ಅಯ್ಯೋ ದೇವರೇ, ನಗುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಕರೆಪ್ಪ ಗಾಡಿಯ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ. ಕರೆಪ್ಪನ ಕೈ ಒದ್ದೆಯಾಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡ ಬಾಳೇಶ.

ಪುಣೆ ಬಿಟ್ಟು ಬಂದು ಅನಗೋಳದಲ್ಲಿ ಅವನು ಗಾಡಿಗೆ ಸ್ಟೀರಿಯೋ ಕೂಡಿಸುವ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಎರಡು ಸಾವಿರದ ಇಸವಿ ಆಗಷ್ಟೇ ಹುಟ್ಟಿತ್ತು. ಬೆಳಗಾವಿಯಲ್ಲಿ ಗಾಡಿ ಇದ್ದವರಿಗೆಲ್ಲ ಸ್ಟೀರಿಯೋ ಹುಚ್ಚು. ಶಿವಬಸವ ನಗರದ ಡಾಕ್ಟರುಗಳೂ ಅವನ ಓಣಿ ಹುಡುಕಿಕೊಂಡು ಬರತೊಡಗಿದ್ದರು. ಮೀಟರ್ ಹಿಡಿದು ನೋಡುವವರು ನೋಡಲಿ, ಬಾಳೇಶ ಕಣ್ಣು ಮುಚ್ಚಿ ಸೀಟಿನಲ್ಲಿ ಕೂತು, "ಹಿಂದಿನ ಎಡಗಡಿ ಸ್ಪೀಕರಿನ ವಾಯರ್ ಸಡ್ಲ ಐತಿ," ಎನ್ನುತ್ತಿದ್ದ. ಅದು ಸಡಿಲವೇ ಇರುತ್ತಿತ್ತು. ಶಾಲೆ ಅರ್ಧಕ್ಕೆ ಬಿಟ್ಟವನು, ಹೊಲವಿಲ್ಲದವನು. ಆ ಎರಡು ಕಿವಿ ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ.

ಆ ಕಿವಿಯನ್ನು ಕೊಟ್ಟವಳು ಅಕ್ಕ ರೇಣವ್ವ. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಖಾನಾಪುರದ ಆಚೆ ಕುರಿ ಕಾಯುತ್ತ ಅವನನ್ನು ಟೊಂಕದ ಮೇಲೆ ಹೊತ್ತುಕೊಂಡೇ ತಿರುಗಿದಳು. ಅವನ ಕಣ್ಣಿಗೆ ಸೆರಗು ಕಟ್ಟಿ, "ಈಗ ಸಪ್ಪಳಾ ಮಾಡಿದ್ದು ಯಾವ ಕುರಿ, ಹೇಳ ನೋಡೂಣು," ಎಂದು ಆಟ ಆಡಿಸುತ್ತಿದ್ದಳು. ಕೊರಳ ಗಂಟೆಯ ಸದ್ದಿನಿಂದಲೇ ಅವನು ಅಷ್ಟೂ ಕುರಿಗಳನ್ನು ಗುರುತಿಸುವ ಹೊತ್ತಿಗೆ ಅವನಿಗೆ ಏಳು ತುಂಬಿತ್ತು. ತಪ್ಪದೆ ಹೇಳಿದ ದಿನ ಅಕ್ಕ ಅವನ ಎರಡೂ ಕಿವಿಗೆ ಮುತ್ತಿಡುತ್ತಿದ್ದಳು.

ಅಂಥ ಅಕ್ಕನ ಮಗಳು, ಆರು ವರ್ಷದ ಮನಿಷಾ, ಎರಡು ತಿಂಗಳ ಹಿಂದೆ ಜ್ವರ ಬಂದು ಮಲಗಿ, ಏಳುವಾಗ ಕಿವುಡಿಯಾಗಿ ಎದ್ದಿದ್ದಳು. ನೆಹರು ನಗರದ ದೊಡ್ಡ ದವಾಖಾನೆಗೆ ಇಂದು ನಾಲ್ಕನೆಯ ಸಲ ಬಂದಿದ್ದರು. "ಜೋರ ಸಪ್ಪಳಾ ಎದಿಗೆ ಬಡದ್ರ ಆಕಿ ನಗತಾಳೋ ಬಾಳ್ಯಾ, ಗಾಡ್ಯಾಗ ಒಂದ ಚಲೋ ಸ್ಟೀರಿಯೋ ಹಾಕಿಕೊಡು," ಎಂದು ಅಕ್ಕ ಹೇಳಿ ಕಳಿಸಿದ್ದಳು. ಅಷ್ಟು ಸಾಕಿತ್ತು. ತನ್ನ ಅಂಗಡಿಯ ಒಳ್ಳೆಯ ಸೆಟ್ಟನ್ನೇ ಅವನು ಎತ್ತಿಟ್ಟಿದ್ದ.

ಗಾಡಿ ಅಲ್ಲೇ ಬಿಟ್ಟು, ಗಂಡ ಮಗಳೊಂದಿಗೆ ದವಾಖಾನೆಗೆಂದು ಆಟೋ ಹತ್ತುವ ಮೊದಲು ಅಕ್ಕ ಒಂದು ಸ್ಟೀಲಿನ ಡಬ್ಬಿ ಕೊಟ್ಟಳು. ಗೋಧಿ ಬೆಲ್ಲದ ಮಾದಲಿ, ಮೇಲೆ ತುಪ್ಪ. ಸಣ್ಣವನಿದ್ದಾಗಿನಿಂದ ಅವನಿಗೆ ಅದೆಂದರೆ ಪ್ರಾಣ.

"ಇವತ್ತ ಯಾವ ಹಬ್ಬ ಅಕ್ಕಾ?"

"ಸುಮ್ಮ ಉಣ್ಣೋ," ಎಂದಳು. ಅವನ ಮುಖ ನೋಡಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಸೆರಗು ಅವಳ ಕಣ್ಣ ಮೇಲೇ ಇತ್ತು.

ಒಂದು ಗಂಟೆಗೆ ದಾಜಿಯ ಓಮ್ನಿ ಗಾಡಿಯ ಕೆಲಸ ಮುಗಿಯಿತು. ನಾಲ್ಕು ಸ್ಪೀಕರ್, ಮನಿಷಾಳ ಎದೆಗೆ ಬಡಿಯಲೆಂದು ಹಿಂದಿನ ಸೀಟಿನ ಕೆಳಗೆ ದಪ್ಪ ಸದ್ದಿನದು ಇನ್ನೊಂದು. ಗಾಡಿ ಚಾಲೂ ಮಾಡಿದ.

ಸುಂಯ್ಯ್...

ಸೊಳ್ಳೆ ಕಿವಿಯೊಳಗೆ ಹೊಕ್ಕ ಹಾಗೆ. ಎಕ್ಸಿಲೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದೇನು ದೊಡ್ಡ ರೋಗವಲ್ಲ. ಡೈನಮೋದ ಸದ್ದು ಸ್ಟೀರಿಯೋಕ್ಕೆ ನುಗ್ಗುವುದು ಎಲ್ಲ ಗಾಡಿಗಳಲ್ಲೂ ಇದ್ದದ್ದೇ. ಕರೆಂಟಿನ ವಾಯರಿಗೆ ಫಿಲ್ಟರ್ ಹಾಕಿದ. ಹೋಗಲಿಲ್ಲ. ಏರಿಯಲ್ ಕಿತ್ತು ನೋಡಿದ. ಹೋಗಲಿಲ್ಲ. ಸ್ಪೀಕರಿನ ವಾಯರುಗಳನ್ನೆಲ್ಲ ಎಳೆದು ಇನ್ನೊಂದು ಬಾಜೂದಿಂದ ತಂದ. ಊಹೂಂ.

ಭಜನೆಯ ಕ್ಯಾಸೆಟ್ಟೊಂದನ್ನು ಹಾಕಿ ಕಣ್ಣು ಮುಚ್ಚಿದ. ಹಾಡುವವನ ದನಿ ಎದುರಿನ ಗಾಜಿನ ನಡುವಿನಿಂದ ಬರಬೇಕು. ಬರಲಿಲ್ಲ. ಬೆನ್ನ ಹಿಂದಿನಿಂದ ಬಂತು. ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಹೀಗಾಗುತ್ತದೆ, ಹಾಡುವವನು ಎದ್ದು ಬಂದು ಹಿಂದಿನ ಸೀಟಿನಲ್ಲಿ ಕೂತಂತೆ ಕೇಳುತ್ತದೆ. ಪೆನ್ಸಿಲ್ ಸೆಲ್ ತಗುಲಿಸಿ ಒಂದೊಂದನ್ನೂ ಪರೀಕ್ಷಿಸಿದ. ಟಪ್, ಟಪ್, ಟಪ್. ಎಲ್ಲವೂ ಸರಿಯಾಗಿದ್ದವು.

ಆದರೂ ದನಿ ಹಿಂದೆಯೇ.

ಕ್ಯಾಸೆಟ್ ತೆಗೆದ. ಇಂಜಿನ್ ಬಂದ್ ಮಾಡಿದ. ಡೈನಮೋ ನಿಂತ ಮೇಲೆ ಅದರ ಸದ್ದೂ ನಿಲ್ಲಬೇಕು, ಇದು ಮೊದಲ ಪಾಠ. ನಿಲ್ಲಲಿಲ್ಲ. ಸುಂಯ್ ಎಂದು ಏರಿತು. ಇಳಿಯಿತು. ತಡೆಯಿತು. ಮತ್ತೆ ಏರಿತು. ಯಾರೋ ಮೂಗಿನಿಂದ ಉಸಿರಾಡುತ್ತಿದ್ದ ಹಾಗೆ. ಅದರ ಅಡಿಯಲ್ಲಿ ಗುಸುಗುಸು, ಗೋಡೆಯಾಚೆ ಮಾತಾಡುವ ಮಂದಿಯಂತೆ. ಗಾಡಿಯೊಳಗೆ ಒಂದು ವಾಸನೆ ಎದ್ದಿತು. ಕರ್ಪೂರದ್ದು, ಸುಟ್ಟ ಕೂದಲಿನದು, ನಡುವೆ ದವಾಖಾನೆಯ ಔಷಧದ ಕಮಟು. ಓಣಿಯಲ್ಲಿ ಬಿಸಿಲು ಕುಣಿಯುತ್ತಿತ್ತು, ಗಾಡಿಯ ಒಳಗೆ ಮಾತ್ರ ನಸುಗತ್ತಲು. ಬಾಳೇಶನ ತೋಳಿನ ಕೂದಲು ನೆಟ್ಟಗಾದವು.

"ಥೂ ನಿನ್ನ," ಎಂದು ತನಗೆ ತಾನೇ ಬೈದುಕೊಂಡ. "ಯಾವ್ದೋ ರೇಡಿಯೋ ಸ್ಟೇಶನ್ ಹಿಡದಿರಬೇಕು." ಉಳಿದದ್ದು ಒಂದೇ ಜಾಗ. ಅರ್ಥಿಂಗ್. ಕಂಪನಿಯವರು ವಾಯರನ್ನು ಗಾಡಿಯ ಮೈಗೆ ಬಿಗಿದ ಬೋಲ್ಟು. ಬಲಗಡೆ, ಸ್ಟೇರಿಂಗ್ ಕೆಳಗೆ.

ಬೆನ್ನ ಮೇಲೆ ಮಲಗಿ ಕೈ ತೂರಿಸಿದ. ಬೆರಳಿಗೆ ಮೆತ್ತನೆಯದೇನೋ ತಗುಲಿತು. ಟಾರ್ಚ್ ಹಿಡಿದು ನೋಡಿದ. ಲಿಂಬೆಯ ಗಾತ್ರದ ಕರಿ ಬಟ್ಟೆಯ ಗಂಟು. ಅದಕ್ಕೆ ಕಟ್ಟಿದ ಕರಿ ಉಣ್ಣೆಯ ದಾರ ಬೋಲ್ಟಿನ ಸುತ್ತ ಸುತ್ತಿ, ವಾಯರಿಗೂ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಇನ್ನೇನು ಬೇಕು? ವಾಯರು ತಗಡಿಗೆ ಮುಟ್ಟದಿದ್ದರೆ ಸ್ಟೀರಿಯೋ ಒದರದೆ ಏನು ಮಾಡೀತು! ಅವನಿಗೆ ಖುಷಿಯೇ ಆಯಿತು. ಮಾಟವಂತೆ, ಮಂತ್ರವಂತೆ. ಉಣ್ಣೆಯ ದಾರ!

ಬೆರಳುಗಳು ತಾವಾಗಿ ದಾರವನ್ನು ಬಿಚ್ಚಿದವು. ಎರಡು ಸುತ್ತು, ಒಳಗಿನಿಂದ ಒಂದು ಎಳೆತ. ಬಿಚ್ಚಿ ಮುಗಿದ ಮೇಲೆ ಬಾಳೇಶನಿಗೆ ಹೊಳೆಯಿತು. ಈ ಕಟ್ಟು ತನಗೆ ಗೊತ್ತು. ಕುರಿಯ ಕೊರಳಿಗೆ ಅಕ್ಕ ಹೀಗೇ ಕಟ್ಟುತ್ತಿದ್ದಳು. ಅವನಿಗೂ ಹೀಗೇ ಕಟ್ಟಲು ಕಲಿಸಿದ್ದಳು. ಗಾಡಿ ಮಾರಿದವನು ಬೆಳಗಾವಿ ಪೇಟೆಯ ವ್ಯಾಪಾರಿ. ಅವನಿಗೆ ಇದೆಲ್ಲಿ ಬರಬೇಕು?

ಬೋಲ್ಟು ಬಿಗಿದ. ಇಂಜಿನ್ ಚಾಲೂ ಮಾಡಿದ. ಸದ್ದು ಇಲ್ಲ. ಒಂದು ಎಳೆಯೂ ಇಲ್ಲ. ಇಷ್ಟು ಸ್ವಚ್ಛವಾದ ಮೌನವನ್ನು ಅವನು ಯಾವ ಗಾಡಿಯಲ್ಲೂ ಕೇಳಿರಲಿಲ್ಲ. ಬಟ್ಟೆಯನ್ನು ಬಿಡಿಸಿ ನೋಡಿದ. ಔಷಧಿ ಹೀರಿ ಹಳದಿಯಾದ ಹತ್ತಿ, ಕಿವಿಯಿಂದ ತೆಗೆದದ್ದು. ಒಂದು ಎಳೆ ಮೆತ್ತನೆಯ ಕೂದಲು. ಅದಕ್ಕೆ ಕಟ್ಟಿದ ಕೆಂಪು ರಿಬ್ಬನ್. ಪುಣೆಯಿಂದ ಬರುವಾಗ ಮನಿಷಾಳಿಗೆಂದು ಅವನೇ ತಂದ ರಿಬ್ಬನ್.

ಆಗ ಸ್ಪೀಕರುಗಳು ಮಾತಾಡಿದವು. ಕ್ಯಾಸೆಟ್ ಇರಲಿಲ್ಲ. ರೇಡಿಯೋ ಹಚ್ಚಿರಲಿಲ್ಲ. ದನಿ ಬೆನ್ನ ಹಿಂದಿನಿಂದ ಬಂತು, ಒಬ್ಬ ಮುದುಕನದು, ಅಡಕೆಲೆ ಜಗಿಯುವ ಬಾಯಿಯದು. ಅವನು ಸಣ್ಣಂದಿನಿಂದ ಕಂಡ, ಖಾನಾಪುರದಲ್ಲಿ ಮಾಟ ತೆಗೆಯುವ, ಮಾಟ ಹಾಕುವ ದೇವರಸಿಯದು.

"ಕೂಸಿನ ಕಿವಿ ತಿರುಗಿ ಬರಬೇಕಂದ್ರ ಆಕಿ ಕಿವುಡನ್ನ ರಕ್ತಸಂಬಂಧದಾಂವ ತಗೋಬೇಕು. ನೀವು ಅಂವಗ ಮೂರ ಸಲ ಬ್ಯಾಡ ಅನ್ನಬೇಕು. ಮೂರೂ ಸಲ ಅಂವ ನಗಬೇಕು. ಆಮ್ಯಾಲ ತನ್ನ ಕೈಲೆ ಗಂಟ ಬಿಚ್ಚಬೇಕು. ಯಾರದಾರ?"

ಕರೆಪ್ಪನ ಕೆಮ್ಮು. ಆಮೇಲೆ ಇನ್ನೊಂದು ದನಿ. ಸಾವಿರ ದನಿಗಳ ನಡುವೆಯೂ ಬಾಳೇಶ ಗುರುತಿಸಬಲ್ಲ ದನಿ.

"ನನ್ನ ತಮ್ಮ ಅದಾನ್ರಿ. ಅಂವಗ ಇಂಥಾದ್ರಾಗ ನಂಬಿಗಿಲ್ಲ, ನಗತಾನ. ಸಪ್ಪಳಾ ಕೆಟ್ರ ಅಂವಗ ಉಣ್ಣಾಕ ಸೈತ ಮನಸಾಗಂಗಿಲ್ಲ. ಬಿಚ್ಚೇ ಬಿಚ್ಚತಾನ."

"ಅಂವನ ಕಿವಿ ಹೋಗ್ತಾವ, ಯವ್ವಾ."

ಅಕ್ಕನ ಬಳೆಯ ಸದ್ದು. ಅಕ್ಕ ಉಸಿರು ಎಳೆದುಕೊಂಡ ಸದ್ದು.

"ಹೋಗ್ಲಿ ರೀ."

ಬಾಳೇಶ ಸ್ಟೀರಿಯೋ ಬಂದ್ ಮಾಡಿದ. ಹೋಗ್ಲಿ ರೀ. ವಾಯರು ಕಿತ್ತ. ಹೋಗ್ಲಿ ರೀ. ಓಣಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಅರ್ಧಕ್ಕೆ ನಿಂತಿತು. ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ನಿಂತಿತು. ಗುಬ್ಬಿಗಳು ನಿಂತವು. ಸ್ಟೇರಿಂಗ್ ಕೈಯೊಳಗೆ ಅದುರುತ್ತಿತ್ತು, ಇಂಜಿನ್ ಮಾತ್ರ ಸತ್ತ ಹಾಗೆ. ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಎರಡೂ ಕೈ ಇಟ್ಟು ಒತ್ತಿದ. ಎದುರು ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು ಬಾಯಿ ಮಾಡುತ್ತಿದ್ದಳು. ಅವಳ ಬಾಯಿ ಮಾತ್ರ ಅಲುಗಾಡಿತು.

ಅಕ್ಕಾ, ನೀನಾ? ನೀನೇನಾ?

ಎಷ್ಟು ಹೊತ್ತು ಅತ್ತನೋ. ಆಟೋ ಬಂದು ನಿಂತಾಗ ಅವನು ಗಾಡಿಗೆ ಆತು ನಿಂತಿದ್ದ, ಗಂಟು ಅಂಗೈಯಲ್ಲೇ ಇತ್ತು. ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಲಾರಿ ಹೊಗೆಯುಗುಳುತ್ತ ಹಾದುಹೋಯಿತು. ಆಟೋದಿಂದ ಇಳಿಯುತ್ತಿದ್ದ ಮನಿಷಾ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡಳು. ಬಾಳೇಶನಿಗೆ ಏನೂ ಕೇಳಿಸಿರಲಿಲ್ಲ. ರೇಣವ್ವ ಮಗಳನ್ನು ಬಾಚಿ ತಬ್ಬಿ, ಆ ಎರಡೂ ಕಿವಿಗೆ ಮುತ್ತಿನ ಮೇಲೆ ಮುತ್ತಿಟ್ಟಳು. ಆಮೇಲೆ ತಲೆ ಎತ್ತಿ ತಮ್ಮನನ್ನು ನೋಡಿದಳು. ಕರೆಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಮನಿಷಾಳಿಗೆ ಮಾಮನ ಕೈಯಲ್ಲಿ ತನ್ನ ಕೆಂಪು ರಿಬ್ಬನ್ ಕಂಡಿತು. ಅವ್ವನ ತೋಳಿನಿಂದ ನುಸುಳಿ ನಗುತ್ತ ಓಡಿಬಂದಳು. ಕೈ ಚಾಚಿದಳು. ಬಾಳೇಶ ಅಂಗೈ ಮುಚ್ಚಲಿಲ್ಲ.

ಅಕ್ಕನ ತುಟಿ ಅಲುಗಾಡಿತು. ಆ ಮಾತನ್ನು ಓದಲು ಕಿವಿ ಬೇಕಿರಲಿಲ್ಲ. ಬ್ಯಾಡ! ಹುಡುಗಿ ತಿರುಗಿ ನೋಡಿ ನಕ್ಕಳು. ಇನ್ನೊಂದು ಹೆಜ್ಜೆ. ಬ್ಯಾಡ! ಹುಡುಗಿ ಮತ್ತೆ ನಕ್ಕಳು. ಇಷ್ಟು ದಿನದ ಮೇಲೆ ಅವ್ವನ ದನಿ ಕೇಳಿಸುತ್ತಿದ್ದುದೇ ಅವಳಿಗೆ ಆಟವಾಗಿತ್ತು. ಮೂರನೆಯ ಸಲಕ್ಕೆ ಬಾಯಿ ತೆರೆದ ರೇಣವ್ವ ಅಲ್ಲೇ ಕಲ್ಲಾದಳು. ಇನ್ನೊಮ್ಮೆ ನಕ್ಕು ಆ ರಿಬ್ಬನ್ ಬಿಚ್ಚಿದರೆ ಕಿವುಡು ತಿರುಗಿ ಹುಡುಗಿಗೇ. ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದುಕೊಂಡಳು. ಕಣ್ಣುಗಳು ಮಾತ್ರ ತಮ್ಮನನ್ನು ಬೇಡುತ್ತಿದ್ದವು.

ಬಾಳೇಶ ಆ ಕಣ್ಣುಗಳನ್ನು ನೋಡಿದ. ಕೊಟ್ಟುಬಿಡು, ಅಕ್ಕನೂ ಉರಿಯಲಿ, ಎಂದಿತು ಮನಸ್ಸು. ಪುಟ್ಟ ಬೆರಳುಗಳು ರಿಬ್ಬನ್ನಿಗೆ ಒಂದು ಗೇಣು ದೂರದಲ್ಲಿದ್ದವು. ಆ ಬೆರಳಿನ ಮೇಲೆ ದವಾಖಾನೆಯ ಚಾಕಲೇಟು ಅಂಟಿಕೊಂಡಿತ್ತು.

ಅವನು ಮುಷ್ಟಿ ಮುಚ್ಚಿದ. ಗಂಟನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿದ. ಒಳಗೆ ಹೋಗಿ, ಮುಚ್ಚಳ ತೆಗೆಯದ ಮಾದಲಿಯ ಡಬ್ಬಿಯನ್ನು ತಂದು ಅಕ್ಕನ ಕಾಲ ಬಳಿ ಇಟ್ಟ.

"ಖರೇ ಹೇಳಿದ್ರ ಸಾಕಿತ್ತು, ಅಕ್ಕಾ," ಎಂದ. "ಮನಿಷಾನ ಸಲುವಾಗಿ ನಾನಽ ನಕ್ಕೋತ ಬಿಚ್ಚತಿದ್ದೆ."

ದನಿ ಹೊರಗೆ ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅಕ್ಕ ಓಣಿಯ ಧೂಳಿನಲ್ಲಿ ಕುಸಿದು ಹಣೆ ಚಚ್ಚಿಕೊಂಡಾಗ ಬಂದಿತ್ತೆಂದು ತಿಳಿಯಿತು. ಅವಳು ಅವನ ಕಾಲು ಹಿಡಿದು ಏನೇನೋ ಹೇಳುತ್ತಿದ್ದಳು, ಬಹಳ ಹೊತ್ತು ಹೇಳಿದಳು. ಅದರಲ್ಲಿ ಒಂದು ಮಾತೂ ಅವನನ್ನು ಮುಟ್ಟಲಿಲ್ಲ. ಬೆನ್ನ ಹಿಂದಿನಿಂದ, ಒಂದಿಷ್ಟೂ ಸುಂಯ್ ಇಲ್ಲದೆ, ಅವಳದೇ ದನಿ ಅವನ ಕಿವಿಯೊಳಗೆ ಅದೊಂದನ್ನೇ ಹೇಳುತ್ತಿತ್ತು.

ಹೋಗ್ಲಿ ರೀ.