ಆರನೇ ಟೇಬಲ್, ಉಪ್ಪು ಕಮ್ಮಿ

ಭಾನುವಾರ ಸಂಜೆ 6.10ಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗಿ ದೂರು ಕೊಟ್ಟದ್ದು ತನ್ನ ಮೇಲೆಯೇ. ಅಪ್ಪನಿಗೆ ಬಿಯರ್ ಕುಡಿಸಿದೆ, ಅಪ್ಪ ಸತ್ತುಹೋದರು, ನನ್ನನ್ನು ಹಿಡಿಯಿರಿ ಎಂದಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವವರೆಂದು ಹೆಸರಾಗಿದ್ದ ಇನ್ಸ್‌ಪೆಕ್ಟರ್ ಕೂಡ ಆಗ ಗದರಲಿಲ್ಲ. ಕೂರಿಸಿ, ನೀರು ಕೊಡಿಸಿ, ಮೊದಲಿನಿಂದ ಹೇಳು ಎಂದರು.

ಅವಳು ನರ್ಸಿಂಗ್ ಪರೀಕ್ಷೆ ಪಾಸಾಗಿದ್ದಳು. ಆ ಸಂತೋಷಕ್ಕೆ ಮನೆಯವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಬೀದಿ ತುದಿಯ ಬಾರ್ ಅಂಡ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದಳು. ಅಪ್ಪ ನಿವೃತ್ತ ಬಸ್ ಚಾಲಕ, ಹೃದ್ರೋಗಿ. ಬೇಡ ಬೇಡ ಎನ್ನುತ್ತಿದ್ದವರಿಗೆ ಮೂರು ಗಂಟೆಯ ಹೊತ್ತಿಗೆ ಇವಳೇ ಅರ್ಧ ಗ್ಲಾಸ್ ಬಿಯರ್ ಬಲವಂತ ಮಾಡಿ ಕುಡಿಸಿದ್ದಳು. ಹತ್ತು ನಿಮಿಷದಲ್ಲಿ ಅವರ ಮುಖ ಕೆಂಡವಾಯಿತು, ವಾಂತಿಯಾಯಿತು, ಉಸಿರು ಸಿಗದೆ ನೆಲಕ್ಕೆ ಬಿದ್ದರು. 4.20ಕ್ಕೆ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು.

ಅಸಹಜ ಸಾವೆಂದು ಪ್ರಕರಣ ದಾಖಲಾಯಿತು. 7.30ಕ್ಕೆ ಪಂಚನಾಮೆಗೆಂದು ರೆಸ್ಟೋರೆಂಟಿಗೆ ಹೋದಾಗ ಪಾತ್ರೆಗಳೆಲ್ಲ ತೊಳೆದು ಬೋರಲಾಗಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮೊದಲೇ ಮಾಲೀಕ ತನ್ನ ಮೀನು ತಾಜಾ ಎಂದು ಆಣೆ ಮಾಡಿದ. ಸಿಕ್ಕಿದ್ದು ಅಡುಗೆಮನೆಯ ಮೊಳೆಗೆ ಚುಚ್ಚಿದ್ದ ಆರ್ಡರ್ ಚೀಟಿಗಳು ಮಾತ್ರ. ಅವನ್ನೇ ಜಪ್ತಿ ಮಾಡಿದರು.

ಹನ್ನೆರಡನೇ ದಿನ ಪ್ರಯೋಗಾಲಯದ ವರದಿ ಬಂತು. ಹೊಟ್ಟೆಯಲ್ಲಿ ಕುಡಿತ ಬಿಡಿಸಲು ಕೊಡುವ ಮಾತ್ರೆಯ ಅಂಶವಿತ್ತು. ಮಾತ್ರೆಯೊಂದೇ ಆಗಿದ್ದರೆ ಬದುಕುತ್ತಿದ್ದರು, ಬಿಯರೊಂದೇ ಆಗಿದ್ದರೂ ಬದುಕುತ್ತಿದ್ದರು, ಎರಡೂ ಸೇರಿ ಆ ಹೃದಯ ತಡೆಯಲಿಲ್ಲ ಎಂದರು ವೈದ್ಯರು. ಎಫ್‌ಐಆರ್ ಆಯಿತು. ಆದರೆ ವರ್ಷಕ್ಕೊಮ್ಮೆಯೂ ಕುಡಿಯದ ಮನುಷ್ಯನಿಗೆ ಕುಡಿತ ಬಿಡಿಸುವ ಮಾತ್ರೆ ಯಾರು ಕೊಟ್ಟಾರು? ಎರಡು ದಿನ ಇಡೀ ಠಾಣೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿತು.

ಮೂರನೇ ದಿನ ಇನ್ಸ್‌ಪೆಕ್ಟರ್ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಮನೆಯವರೆಲ್ಲ ಕುಡಿದದ್ದು ಒಂದೇ ಪಾತ್ರೆಯ ಸೂಪು. ಹೃದ್ರೋಗಿ ಅಪ್ಪನ ಬಟ್ಟಲಿಗೆ ಮಾತ್ರ ಬೇರೆ ಚೀಟಿ ಹೋಗಿತ್ತು: ‘6, ಟೊಮೆಟೊ ಸೂಪ್ 1, ಉಪ್ಪು ಕಮ್ಮಿ.’ ಹಳೆಯ ಚೀಟಿಗಳನ್ನು ತರಿಸಿದರು. ಆರನೇ ಟೇಬಲ್ಲಿಗೆ ದಿನವೂ ಅದೇ ಬರಹ. ಕಾನ್‌ಸ್ಟೇಬಲ್ ಹೋಗಿ ವೇಟರನ್ನು ಕರೆತಂದ.

“ಆರರಲ್ಲಿ ದಿನಾ ಕೂರೋದು ಯಾರು?”

“ಮೆಕ್ಯಾನಿಕ್, ಸರ್. ಅಡುಗೆಮನೆ ಅಕ್ಕನ ತಮ್ಮ. ನಮ್ಮಲ್ಲಿ ಚೀಟಿ ಮೇಲೆ ಹೆಸರು ಬರೆಯಲ್ಲ. ತಮ್ಮನದು ಅಂತ ಗೊತ್ತಾಗ್ಲಿ ಅಂತ ಅಕ್ಕನೇ ಉಪ್ಪು ಕಮ್ಮಿ ಅಂತ ಬರೆಸ್ತಿದ್ರು.”

“ಅವತ್ತು ಅವನೆಲ್ಲಿ ಕೂತಿದ್ದ?”

“ಎರಡರಲ್ಲಿ. ಆರು, ಏಳು ಸೇರಿಸಿ ಆ ಮನೆಯವರಿಗೆ ಕೊಟ್ಟಿದ್ವಿ. ಅವನು ಏನೂ ತಿನ್ನದೆ ಬರೀ ಕುಡಿದು ಎದ್ದುಹೋದ.”

“ಅಕ್ಕಂಗೆ ಹೇಳಿದ್ಯಾ?”

“ಇಲ್ಲ, ಸರ್.” ಅಡುಗೆಮನೆಯಿಂದ ಹಾಲ್ ಕಾಣುವುದಿಲ್ಲ. ಗೋಡೆಯ ಕಿಂಡಿಯಲ್ಲಿ ಚೀಟಿ ಒಳಗೆ ಹೋಗುತ್ತದೆ, ಬಟ್ಟಲು ಹೊರಗೆ ಬರುತ್ತದೆ. ಮಾತು ಹೋಗುವ ರೂಢಿಯೇ ಅಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ 11.15ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೋದಾಗ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಪೊಲೀಸರನ್ನು ಕಂಡು ಒಲೆ ಆರಿಸಿ, ಕೈ ತೊಳೆದು, ತಾನೇ ಮುಂದೆ ನಡೆದು ಜೀಪು ಹತ್ತಿದಳು. ಬಂಧನದ ಪತ್ರಕ್ಕೆ ಸಹಿ ಹಾಕಿದಳು.

ಹೇಳಿಕೆಯಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ತಾಯಿ ಸತ್ತಾಗ ತಮ್ಮನಿಗೆ ಎರಡು ವರ್ಷ. ಮದುವೆಯ ಯೋಚನೆಯನ್ನೂ ಬಿಟ್ಟು ಅವನನ್ನು ಸಾಕಿದ್ದಳು. ಹೀಗೇ ಕುಡಿದರೆ ಈ ವರ್ಷ ದಾಟುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಒಮ್ಮೆ ಚೆನ್ನಾಗಿ ವಾಂತಿಯಾದರೆ ಕುಡಿತದ ಮೇಲೆ ಹೇಸಿಗೆ ಹುಟ್ಟುತ್ತದೆಂದು ಯಾರೋ ಹೇಳಿಕೊಟ್ಟಿದ್ದರು. ತಮ್ಮನ ಸೂಪಿಗೆಂದು ಮಾತ್ರೆ ಬೆರೆಸಿದ್ದು ಅದೇ ಮೊದಲ ದಿನ, ಅದೇ ಮೊದಲ ಬಟ್ಟಲು.

“ಆರನೇ ಟೇಬಲ್‌ನೋರು ಬಿದ್ರು ಅಂದ ತಕ್ಷಣ ಓಡಿದೆ ಸರ್. ಮುಖ ನೋಡಿದೆ. ಸದ್ಯ, ನನ್ನ ತಮ್ಮ ಅಲ್ಲ ಅಂತ ಸಮಾಧಾನ ಆಯ್ತು. ಇನ್ನೊಬ್ಬರ ಜೀವ ಹೋಗ್ತಿರುವಾಗ ನಂಗೆ ಸಮಾಧಾನ ಆಯ್ತು.”

ಇನ್ಸ್‌ಪೆಕ್ಟರ್ ಅದನ್ನೂ ಬರೆಸಿಕೊಂಡರು. ಅವಳು ಕೇಳಿದ್ದು ಒಂದೇ: ಬಿಯರಿನ ಸಂಗತಿ ಬರೆಯಬೇಡಿ, ಆ ಹುಡುಗಿ ಬದುಕಿ ಬಾಳಬೇಕಾದವಳು. ವೈದ್ಯರ ವರದಿ ಕಡತ ಸೇರಿ ಆಗಿದೆ, ನನ್ನ ಕೈಯಲ್ಲಿಲ್ಲ ಎಂದರು.

ಕೋರ್ಟಿನಲ್ಲಿ ಯಾರೋ ಓದುವ ಮೊದಲು ತಾವೇ ಹೇಳಿಬಿಡೋಣವೆಂದು ಸಂಜೆ ಹುಡುಗಿಯ ಮನೆಗೆ ಹೋದರು. ಸೂಪು, ಮಾತ್ರೆ, ತಮ್ಮ, ಎಲ್ಲವನ್ನೂ ಹೇಳಿದರು. ಬಿಯರ್ ಸೇರಿದ್ದರಿಂದಲೇ ಹೀಗಾಯಿತೆಂಬುದನ್ನೂ ಹೇಳಿದರು.

“ಆದ್ರೆ ತಪ್ಪು ನಿಂದಲ್ಲಮ್ಮ. ನೀನು ಪ್ರೀತಿಯಿಂದ ಕೊಟ್ಟಿದ್ದು.”

ಹುಡುಗಿ ತಲೆಯೆತ್ತಿದಳು.

“ಅವರೂ ಪ್ರೀತಿಯಿಂದಾನೇ ಅಲ್ವಾ ಸರ್, ಹಾಕಿದ್ದು?”

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡು ಎದ್ದರು. ಮತ್ತೆ ಕೂತುಕೊಂಡರು.